ಫೋರ್ ವೀಲ್ ಜೀಪು: ಏರಿಗಿಂತ ಇಳಿಜಾರೇ ಕಷ್ಟ

ಸುಳ್ಯ, ಮಡಿಕೇರಿ ಕಡೆಯ ಗುಡ್ಡದ ತೋಟಗಳಿಗೆ ಗೊಬ್ಬರ ಹೊರಲು, ಮಳೆಗಾಲದಲ್ಲಿ ರೋಗಿಯನ್ನು ಪೇಟೆಗೆ ಇಳಿಸಲು ಈಗಲೂ ಜೀಪೇ ಗತಿ. ನಮ್ಮಲ್ಲಿ ಹಲವರು ಫೋರ್ ವೀಲ್ ಹಾಕುವುದು ಚಕ್ರ ಹೂತ ಮೇಲೆ! ಕೆಸರಿಗೆ ಇಳಿಯುವ ಮೊದಲೇ ಹಾಕಿ. ಕೆಲವು ಹಳೆ ಜೀಪುಗಳಲ್ಲಿ ಮುಂದಿನ ಚಕ್ರದ ಹಬ್ಬನ್ನು ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕು. ಇಲ್ಲದಿದ್ದರೆ ಒಳಗೆ ಕೂತು ಲಿವರ್ ಎಳೆದು ಪ್ರಯೋಜನವಿಲ್ಲ.

ಏರಿನ ನಡುವೆ ಎಂಜಿನ್ ನಿಂತಿತೋ, ಬ್ರೇಕ್ ಬಿಡಬೇಡಿ. ಲೋ ರೇಂಜಿನಲ್ಲಿ ರಿವರ್ಸ್ ಗೇರು ಹಾಕಿ, ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಬಿಟ್ಟು, ಬಂದ ಜಾಡಿನಲ್ಲೇ ನೇರ ಹಿಂದೆ ಇಳಿಯಿರಿ. ತಿರುಗಿಸಲು ಹೋದರೆ ಜೀಪು ಅಡ್ಡವಾಗಿ ಮಗುಚೀತು.

ಇಳಿಯುವಾಗಲೂ ಹತ್ತಿದ ಗೇರೇ ಇರಲಿ. ವೇಗವನ್ನು ಎಂಜಿನ್ನೇ ಹಿಡಿಯುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು ಪ್ರಾಣಕ್ಕೇ ಕುತ್ತು. ಜಾರುಮಣ್ಣಿನಲ್ಲಿ ಬ್ರೇಕ್ ಜೋರಾಗಿ ತುಳಿದರೆ ಚಕ್ರ ಉರುಳದೆ ಜಾರುತ್ತದೆ. ಸ್ಟಿಯರಿಂಗ್ ಮಾತು ಕೇಳದು. ಹಿಂದೆ ಜನ ನೇತಾಡುವುದಂತೂ ಬೇಡವೇ ಬೇಡ.

ಡಾಮರು ಸಿಕ್ಕಿದ ಕೂಡಲೇ ಫೋರ್ ವೀಲ್ ತೆಗೆಯಿರಿ. ತಿರುವಿನಲ್ಲಿ ಹಿಂದಿನ, ಮುಂದಿನ ಚಕ್ರಗಳ ಓಟ ಬೇರೆ ಬೇರೆ. ಗಟ್ಟಿ ರಸ್ತೆಯಲ್ಲಿ ಅದರ ಪೆಟ್ಟು ಟಯರಿಗೂ ಗೇರುಪೆಟ್ಟಿಗೆಗೂ ಬೀಳುತ್ತದೆ.