ಮಂಡಿ ಸವೆತ: ಎಕ್ಸ್‌ರೇ ಸಾಕೇ, ಎಂ.ಆರ್.ಐ. ಬೇಕೇ?



ಮಂಡಿನೋವೆಂದು ಆಸ್ಪತ್ರೆಗೆ ಬರುವ ಅನೇಕರು "ಎಕ್ಸ್‌ರೇಯಲ್ಲಿ ಎಲ್ಲವೂ ತಿಳಿಯುತ್ತದೆಯೇ? ಸಾಲ ಮಾಡಿಯಾದರೂ ಎಂ.ಆರ್.ಐ. ಮಾಡಿಸೋಣವೇ?" ಎಂದು ಕೇಳುತ್ತಾರೆ. ಇನ್ನು ಕೆಲವರು "ಸವೆದಿದೆ" ಎಂಬ ಮಾತು ಕೇಳಿದೊಡನೆ ನಡೆದಾಡುವುದನ್ನೇ ಬಿಟ್ಟುಬಿಡುತ್ತಾರೆ. ಇಬ್ಬರೂ ಈ ಪಾಠವನ್ನು ಓದಬೇಕು.

ಸವೆಯುವುದು ಯಾವುದು?

ಮಂಡಿಯಲ್ಲಿ ಕೂಡುವ ಮೂಳೆಗಳ ತುದಿಯನ್ನು ನುಣುಪಾದ ಬಿಳಿಯ ಪದರವೊಂದು ಮುಚ್ಚಿರುತ್ತದೆ. ಇದೇ ಮೃದ್ವಸ್ಥಿ, ವೈದ್ಯರು ಕಾರ್ಟಿಲೇಜ್ ಎನ್ನುತ್ತಾರೆ. ಇದರ ದಪ್ಪ ಕೆಲವೇ ಮಿಲಿಮೀಟರ್, ಇದರಲ್ಲಿ ಹೆಚ್ಚಿನ ಪಾಲು ನೀರು. ಇದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ನಾವು ನಡೆಯುವಾಗ ಒತ್ತಿ ಬಿಟ್ಟ ಸ್ಪಂಜಿನಂತೆ ಕೀಲಿನೊಳಗಿನ ದ್ರವದಿಂದ ಪೋಷಣೆ ಪಡೆಯುತ್ತದೆ. ವಯಸ್ಸು, ಅಧಿಕ ತೂಕ, ಹಳೆಯ ಪೆಟ್ಟು ಮುಂತಾದ ಕಾರಣಗಳಿಂದ ಈ ಪದರ ಒರಟಾಗಿ, ಕ್ರಮೇಣ ತೆಳ್ಳಗಾಗುತ್ತದೆ.

ಎಕ್ಸ್‌ರೇ ತೋರಿಸುವುದೇನು?

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೃದ್ವಸ್ಥಿ ಕಾಣುವುದಿಲ್ಲ. ಎರಡು ಮೂಳೆಗಳ ನಡುವಿನ ಅಂತರ ಕಿರಿದಾಗಿದ್ದರೆ ಪದರ ಸವೆದಿದೆಯೆಂದು ವೈದ್ಯರು ಅಂದಾಜು ಮಾಡುತ್ತಾರೆ. ಮಲಗಿದಾಗ ಈ ಅಂತರ ಹೆಚ್ಚಾಗಿ ಕಾಣಬಹುದು. ಆದ್ದರಿಂದಲೇ ನಿಮ್ಮನ್ನು ನಿಲ್ಲಿಸಿ, ಕಾಲಿನ ಮೇಲೆ ಭಾರ ಬಿಡಿಸಿ ಚಿತ್ರ ತೆಗೆಯುತ್ತಾರೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಸವೆತವನ್ನು 0ಯಿಂದ 4ರವರೆಗೆ ಅಳೆಯುವ ಕ್ರಮ ತಂದರು. ನಿಮ್ಮ ರಿಪೋರ್ಟಿನಲ್ಲಿ "ಗ್ರೇಡ್ 2", "ಗ್ರೇಡ್ 3" ಎಂದಿರುವುದು ಇದೇ.

ಎಂ.ಆರ್.ಐ. ತೋರಿಸುವುದೇನು?

ಇದರಲ್ಲಿ ಎಕ್ಸ್ ಕಿರಣಗಳಿಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ನೆರವಿನಿಂದ ದೇಹದ ನೀರಿನಂಶವೇ ಚಿತ್ರವಾಗಿ ಮೂಡುತ್ತದೆ. ಮೃದ್ವಸ್ಥಿಯ ದಪ್ಪ, ಬಿರುಕು, ಒಳಗಿನ ಗಾದಿಯಂತಹ ಮೆನಿಸ್ಕಸ್, ಮೂಳೆಯೊಳಗಿನ ಬಾವು ಎಲ್ಲವೂ ಕಾಣುತ್ತವೆ. ಟಿ-2 ಮ್ಯಾಪಿಂಗ್ ಎಂಬ ವಿಧಾನದಿಂದ ಪದರ ತೆಳ್ಳಗಾಗುವ ಮೊದಲೇ ಅದರ ಒಳಗಿನ ಬದಲಾವಣೆಯನ್ನು ಗುರುತಿಸಬಹುದು. ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದರಲ್ಲಿ 45ರಿಂದ 79 ವರ್ಷದ 4,796 ಮಂದಿಯ ಮಂಡಿಗಳನ್ನು ಹಲವು ವರ್ಷ ಹೀಗೆ ಪರೀಕ್ಷಿಸಿದರು. ಸಂಶೋಧನೆಗೆ ಇದು ಬಹಳ ಉಪಯುಕ್ತ.

ಚಿತ್ರವೇ ಬೇರೆ, ನೋವೇ ಬೇರೆ

ಆದರೆ ಒಂದು ಮಾತು ನೆನಪಿರಲಿ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಎಕ್ಸ್‌ರೇಯಲ್ಲಿ ಸವೆತವಿಲ್ಲದ, 50 ದಾಟಿದ 710 ಜನರಿಗೆ ಎಂ.ಆರ್.ಐ. ಮಾಡಿದರು. ಶೇಕಡಾ 89 ಮಂದಿಯಲ್ಲಿ ಏನಾದರೊಂದು ದೋಷ ಕಂಡಿತೆಂದು 2012ರಲ್ಲಿ ಪ್ರಕಟವಾಯಿತು. ನೋವಿಲ್ಲದವರಲ್ಲೂ ಬಹುತೇಕ ಅಷ್ಟೇ ದೋಷಗಳಿದ್ದವು. ಆದ್ದರಿಂದ ರಿಪೋರ್ಟ್ ನೋಡಿ ಎದೆಗುಂದಬೇಡಿ. ವೈದ್ಯರು ಚಿಕಿತ್ಸೆ ನೀಡುವುದು ಚಿತ್ರಕ್ಕಲ್ಲ, ನಿಮಗೆ.

ಎಂ.ಆರ್.ಐ. ಯಾರಿಗೆ ಬೇಕಾಗಬಹುದು?

* ಪೆಟ್ಟಾದ ನಂತರ ಮಂಡಿ ಸಡಿಲವಾಗಿ ಕುಸಿದಂತಾದರೆ
* ಮಂಡಿ ಸಿಕ್ಕಿಹಾಕಿಕೊಂಡು ಮಡಚಲು, ಚಾಚಲು ಆಗದಿದ್ದರೆ
* ನೋವಿಗೂ ಎಕ್ಸ್‌ರೇಗೂ ತಾಳೆಯಾಗದೆ, ಬೇರೆ ಕಾಯಿಲೆಯ ಸಂಶಯ ಬಂದರೆ

ಉಳಿದ ಬಹುಪಾಲು ಜನರಿಗೆ ವೈದ್ಯರ ಪರೀಕ್ಷೆ, ಬೇಕಿದ್ದರೆ ಒಂದು ಎಕ್ಸ್‌ರೇ ಸಾಕು. ಪೇಸ್‌ಮೇಕರ್ ಇದ್ದರೆ, ದೇಹದಲ್ಲಿ ಲೋಹದ ಕ್ಲಿಪ್ ಅಥವಾ ಕಣ್ಣಿನಲ್ಲಿ ಕಬ್ಬಿಣದ ಚೂರು ಇದ್ದರೆ ಎಂ.ಆರ್.ಐ.ಗೆ ಮೊದಲೇ ತಪ್ಪದೆ ತಿಳಿಸಿ. ಜ್ವರದೊಂದಿಗೆ ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಬನ್ನಿ.

ನಿಮ್ಮ ಕೈಯಲ್ಲಿರುವ ಚಿಕಿತ್ಸೆ

1. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಎತ್ತಿ, ಐದು ಎಣಿಸಿ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ.
2. ಸಾಧ್ಯವಾದಷ್ಟು ದಿನವೂ ನಡೆಯಿರಿ. ನಡೆದರೆ ಸವೆತ ಹೆಚ್ಚುತ್ತದೆಂಬ ಹೆದರಿಕೆ ಬೇಡ.
3. ತೂಕ ಹೆಚ್ಚಿದ್ದರೆ ಇಳಿಸಿ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.
4. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಿನವೂ ನುಂಗಬೇಡಿ. ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿಯಾದೀತು.

ಬಸವಾದಿ ಶರಣರು ದುಡಿಮೆಯನ್ನೇ ಪೂಜೆಯೆಂದು ಬಗೆದವರು. ಕಾಯಕ ನಡೆಯಬೇಕಾದರೆ ಕಾಲು ಗಟ್ಟಿಯಿರಬೇಕು. ಸಾಲ ಮಾಡಿ ಚಿತ್ರ ತೆಗೆಸುವ ಮೊದಲು ವೈದ್ಯರನ್ನು ಒಂದು ಪ್ರಶ್ನೆ ಕೇಳಿ: "ಈ ಪರೀಕ್ಷೆಯಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ?" ಇಲ್ಲವೆಂದರೆ ಆ ಹಣ ಮನೆಯಲ್ಲಿರಲಿ, ವ್ಯಾಯಾಮ ಇಂದೇ ಆರಂಭವಾಗಲಿ.