ಸ್ಟೇರಿಂಗ್ ಕಲ್ಲಾದಾಗ ಮೀಟರ್ ಎಲ್ಲಿ ಇಡಬೇಕು?

ನಮ್ಮ ಗ್ಯಾಂಗ್‌ನ ಒಬ್ಬನ ಮನೆ ಶಿವಮೊಗ್ಗದ ರಾಗಿಗುಡ್ಡದಲ್ಲಿದೆ. ಅವರಪ್ಪ ಹಳೇ ಕಾರಲ್ಲಿ ದಿನಾ ಭದ್ರಾವತಿಗೆ ಕೆಲಸಕ್ಕೆ ಹೋಗಿಬರ್ತಾರೆ. ಈ ಮಳೆಗಾಲದಲ್ಲಿ ಕಾರಿಗೆ ಒಂದು ವಿಚಿತ್ರ ರೋಗ ಶುರುವಾಯ್ತು. ಹೈವೇಲಿ ಏನೂ ತೊಂದರೆ ಇಲ್ಲ. ಮನೆ ಹತ್ತಿರದ ತಿರುವಿಗೆ ಬಂದು ನಿಧಾನ ಮಾಡಿದ ಕೂಡಲೇ ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೇರಿಂಗ್ ಚಿತ್ರದ ಹಳದಿ ದೀಪ ಹತ್ತಿ, ಸ್ಟೇರಿಂಗ್ ಕಲ್ಲಾಗಿಬಿಡೋದು. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಸರಿ. ಒಂದು ಗ್ಯಾರೇಜ್‌ನಲ್ಲಿ "ಕಾಲಮ್ ಪೂರ್ತಿ ಬದಲಾಯಿಸಬೇಕು, 32 ಸಾವಿರ ಆಗತ್ತೆ" ಅಂದರು. ಅದೇ ತಿಂಗಳು ಗೆಳೆಯನ ಫೀಸೂ ಕಟ್ಟಬೇಕಿತ್ತು. "ಏನ್ರೋ, ಇಂಜಿನಿಯರಿಂಗ್ ಓದ್ತೀರಲ್ಲ, ಒಂದ್ಸಲ ನೋಡ್ರಪ್ಪ" ಅಂದರು ಅಂಕಲ್.

ಟೀ ಅಂಗಡೀಲಿ ಸಿಕ್ಕಿದ ಸಲಹೆ "ಸ್ಟೇರಿಂಗ್ ಆಯಿಲ್ ಹಾಕ್ಸಿ" ಅಂತ. ಅದು ಹೈಡ್ರಾಲಿಕ್ ಕಾಲದ ಮಾತು. ಈ ಕಾರಿನದು ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್, ಅಂದ್ರೆ ಇಪಿಎಸ್. ಇದರಲ್ಲಿ ಆಯಿಲೇ ಇಲ್ಲ. 1988ರಲ್ಲಿ ಸುಜುಕಿ ಸರ್ವೋ ಅನ್ನೋ ಪುಟ್ಟ ಕಾರಿನಲ್ಲಿ ಬಂದ ವ್ಯವಸ್ಥೆ ಇದು. ನಾವು ಸ್ಟೇರಿಂಗ್ ತಿರುಗಿಸಿದಾಗ ಒಳಗಿನ ಟಾರ್ಷನ್ ಬಾರ್ ಸ್ವಲ್ಪ ತಿರುಚಿಕೊಳ್ಳುತ್ತೆ. ಟಾರ್ಕ್ ಸೆನ್ಸರ್ ಅದನ್ನ ಅಳೆದು ಇಸಿಯುಗೆ ಹೇಳುತ್ತೆ, ಇಸಿಯು ಮೋಟರ್‌ಗೆ ಕರೆಂಟ್ ಕೊಡುತ್ತೆ. ವೇಗವಾಗಿ ನೇರ ಹೋಗುವಾಗ ಕರೆಂಟ್ ಬಹಳ ಕಮ್ಮಿ ಸಾಕು. ನಿಂತಲ್ಲೇ ಪೂರ್ತಿ ತಿರುಗಿಸಿದ್ರೆ 50 ಆಂಪಿಯರ್ ದಾಟಬಹುದು. ಭದ್ರಾವತಿ ರಸ್ತೇಲಿ ಸುಮ್ಮನಿದ್ದ ಕಾರು ರಾಗಿಗುಡ್ಡದ ಗಲ್ಲೀಲಿ ಹಟ ಮಾಡೋದು ಯಾಕೆ ಅಂತ ಇಲ್ಲೇ ನಮಗೆ ಹೊಳೀಬೇಕಿತ್ತು. ಹೊಳೀಲಿಲ್ಲ.

ಮೊದಲ ಭಾನುವಾರ ನಾವು ಮಾಡಿದ್ದೆಲ್ಲ ತಪ್ಪು. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹಾಕಿದ್ವಿ, "ಕೋಡ್ ಇಲ್ಲ" ಅಂತು. ಇಂಥ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಓದೋದು ಪಿ ಇಂದ ಶುರುವಾಗೋ ಇಂಜಿನ್ ಕೋಡ್‌ಗಳನ್ನ ಮಾತ್ರ. ಸ್ಟೇರಿಂಗ್‌ದು ಬರೋದು ಸಿ ಕೋಡ್‌ನಲ್ಲಿ. ಆಮೇಲೆ ಬ್ಯಾಟರಿ ನೋಡಿದ್ವಿ: ಇಂಜಿನ್ ಆಫ್ ಇದ್ದಾಗ 12.5 ವೋಲ್ಟ್, ಆನ್ ಇದ್ದಾಗ 14.1. ಸೆಲ್ಫ್ ಸ್ಟಾರ್ಟೂ ಜೋರಾಗೇ ಇತ್ತು. ನೆಗೆಟಿವ್ ಕೇಬಲ್‌ಗೆ ಮಲ್ಟಿಮೀಟರ್‌ನ ಕಂಟಿನ್ಯೂಟಿ ಹಿಡಿದ್ವಿ, ಬೀಪ್ ಅಂತು. "ಎಲ್ಲಾ ಸರಿ ಇದೆ ಅಂಕಲ್" ಅಂದ್ವಿ.

ಮಾರನೇ ದಿನ ಸಂಜೆ ತಿರುವಿನಲ್ಲಿ ಎದುರಿಗೆ ಬಸ್ ಬರುವಾಗಲೇ ಸ್ಟೇರಿಂಗ್ ಗಟ್ಟಿಯಾಯ್ತು. ಮೋಟರ್ ಸತ್ತರೂ ಕಬ್ಬಿಣದ ಜೋಡಣೆ ಹಾಗೇ ಇರತ್ತೆ, ಬಲವಾಗಿ ಎಳೆದರೆ ಚಕ್ರ ತಿರುಗತ್ತೆ. ಅಂಕಲ್ ಹಾಗೇ ಎಳೆದು ಪಾರಾದರು. ನಮಗೆ ಬೈಯಲೂ ಇಲ್ಲ. ಬೈದಿದ್ರೇ ಚೆನ್ನಾಗಿತ್ತು. ಆದ್ರೆ ಒಂದು ಮಾತು ಹೇಳಿದರು: "ಅದು ಗಟ್ಟಿ ಆಗೋಕೆ ಮುಂಚೆ ಹೆಡ್‌ಲೈಟ್ ಮಂಕಾಗತ್ತೆ ಕಣ್ರೋ."

ಆ ಮಾತೇ ಉತ್ತರ. ಬ್ಯಾಟರಿ ನೆಗೆಟಿವ್‌ನಿಂದ ಆ ಕಾರಲ್ಲಿ ಎರಡು ಕೇಬಲ್ ಹೋಗುತ್ವೆ, ಒಂದು ಇಂಜಿನ್‌ಗೆ, ಇನ್ನೊಂದು ಬಾಡಿಗೆ. ಸ್ಟಾರ್ಟರ್‌ನ ಕರೆಂಟ್ ಇಂಜಿನ್ ಕೇಬಲ್‌ನಲ್ಲಿ ವಾಪಸ್ ಬರತ್ತೆ, ಅದಕ್ಕೇ ಸೆಲ್ಫ್ ಜೋರಾಗಿತ್ತು. ಸ್ಟೇರಿಂಗ್ ಮತ್ತು ಹೆಡ್‌ಲೈಟ್‌ದು ಬಾಡಿ ಕೇಬಲ್. ಈ ಸಲ ಮೀಟರನ್ನ ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಪೋಸ್ಟ್ ಮೇಲೆ, ಇನ್ನೊಂದು ಬಾಡಿಯ ಬರೀ ಲೋಹದ ಮೇಲೆ ಹಿಡಿದ್ವಿ. ಇಂಜಿನ್ ಆನ್, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಸುಮ್ಮನಿದ್ದಾಗ 0.1 ವೋಲ್ಟ್. "ತಿರುಗ್ಸು ಮಾರಾಯ" ಅಂದ್ವಿ. ಗೆಳೆಯ ಪೂರ್ತಿ ತಿರುಗಿಸಿದ ಕೂಡಲೇ 3.1!

ಇಲ್ಲಿ 0.2ಕ್ಕಿಂತ ಜಾಸ್ತಿ ಬಂದ್ರೇ ಅನುಮಾನ ಪಡಬೇಕು. ಓಮ್‌ನ ನಿಯಮ ಹಾಕಿ ನೋಡಿ: 50 ಆಂಪಿಯರ್ ಅಂತಿಟ್ಟುಕೊಂಡ್ರೆ 0.06 ಓಮ್ ಸಾಕು, 3 ವೋಲ್ಟ್ ಅಲ್ಲೇ ಖಾಲಿ. ಮೀಟರ್‌ನ ವೈರ್‌ಗಳದ್ದೇ ರೆಸಿಸ್ಟೆನ್ಸ್ ಅದಕ್ಕಿಂತ ಜಾಸ್ತಿ ಇರತ್ತೆ. ಬೀಪ್‌ಗೆ ಇದು ಹೇಗೆ ಗೊತ್ತಾಗ್ಬೇಕು? ಲೋಡ್ ಇದ್ದಾಗ ಅಳೆದ್ರೆ ಮಾತ್ರ ಸಿಗೋ ದೋಷ ಇದು. ಇಸಿಯುಗೆ ವೋಲ್ಟೇಜ್ ಸಾಲದೇ ಹೋದಾಗ ಅದು ಮೋಟರ್ ನಿಲ್ಲಿಸಿ ದೀಪ ಹಚ್ಚುತ್ತಿತ್ತು, ಅಷ್ಟೇ.

ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಬಾಡಿ ಕೇಬಲ್ ಹೊರಗೆಳೆದ್ವಿ. ತುದಿಯ ಲಗ್ ಒಳಗೆಲ್ಲ ಹಸಿರು ಕಿಲುಬು, ಅರ್ಧ ತಂತಿ ಪುಡಿಪುಡಿ. ಬೋಲ್ಟ್ ಕೂರೋ ಜಾಗ ಉಪ್ಪುಕಾಗದದಲ್ಲಿ ಉಜ್ಜಿ, 250 ರೂಪಾಯಿಯ ಹೊಸ ಕೇಬಲ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದ್ವಿ. ಈಗ ಪೂರ್ತಿ ತಿರುಗಿಸಿದ್ರೂ 0.08.

ಹೀಗೆ ಅಳೆದಾಗ ನಿಮ್ಮ ಕಾರಲ್ಲಿ ಗ್ರೌಂಡ್ ಸರಿ ಇದ್ರೆ ಪಾಸಿಟಿವ್ ಕಡೆಯ ದೊಡ್ಡ ಫ್ಯೂಸ್, ಕನೆಕ್ಟರ್ ನೋಡಿ. ಅದೂ ಸರಿ ಇದ್ರೆ ಟಾರ್ಕ್ ಸೆನ್ಸರೋ ಮೋಟರೋ ಇರಬಹುದು. ಅಲ್ಲಿಂದ ಮುಂದೆ ಸಿ ಕೋಡ್ ಓದೋ ಸ್ಕ್ಯಾನರ್ ಇರೋ ಮೆಕ್ಯಾನಿಕ್ ಹತ್ರಾನೇ ಹೋಗಿ. ಕಾಲಮ್ ನೀವೇ ಬಿಚ್ಚೋಕೆ ಹೋಗ್ಬೇಡಿ, ಏರ್‌ಬ್ಯಾಗ್ ವೈರಿಂಗ್ ಅಲ್ಲೇ ಇರತ್ತೆ. ಓಡುವಾಗ ಸ್ಟೇರಿಂಗ್ ಗಟ್ಟಿಯಾದ್ರೆ ಇಂಜಿನ್ ಆಫ್ ಮಾಡ್ಬೇಡಿ, ಬ್ರೇಕ್‌ನ ಬೂಸ್ಟರ್ ಸಹಾಯಾನೂ ಹೋಗತ್ತೆ. ಎರಡೂ ಕೈಯಲ್ಲಿ ಎಳೆದು ಪಕ್ಕಕ್ಕೆ ತಂದು ನಿಲ್ಲಿಸಿ.

ಮೂರು ವಾರ ಆಯ್ತು, ದೀಪ ಹತ್ತಿಲ್ಲ. ಆದ್ರೂ ಅಂಕಲ್‌ಗೆ ಈ ಸಲ "ಎಲ್ಲಾ ಸರಿ ಇದೆ" ಅನ್ನಲಿಲ್ಲ. ಮಳೆ ಮುಗಿಯೋವರೆಗೂ ಪ್ರತಿ ಭಾನುವಾರ ಮೀಟರ್ ತಗೊಂಡು ಹೋಗ್ತಿದ್ದೀವಿ.