ಬ್ಯಾಕ್ಟೀರಿಯಾಗಳಲ್ಲಿ ಸಹಜ ಡಿಎನ್‌ಎ ಸ್ವೀಕಾರ: ನ್ಯುಮೋಕಾಕಸ್ ನಿದರ್ಶನ

ಪರಿಸರದಲ್ಲಿರುವ ಬಿಡಿ ಡಿಎನ್‌ಎಯನ್ನು ಬ್ಯಾಕ್ಟೀರಿಯಾ ಹೀರಿಕೊಂಡು ತನ್ನ ವರ್ಣತಂತುವಿಗೆ ಸೇರಿಸಿಕೊಳ್ಳುವ ಕ್ರಿಯೆಯನ್ನು ರೂಪಾಂತರಣ ಅಥವಾ ಟ್ರಾನ್ಸ್‌ಫರ್ಮೇಶನ್ ಎನ್ನುತ್ತಾರೆ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ನ್ಯುಮೋಕಾಕಸ್‌ನಲ್ಲಿ ಈ ವಿದ್ಯಮಾನವನ್ನು ಕಂಡುಹಿಡಿದರೆ, 1944ರಲ್ಲಿ ಏವರಿ, ಮ್ಯಾಕ್ಲಿಯೋಡ್ ಮತ್ತು ಮೆಕಾರ್ಟಿ ಅದಕ್ಕೆ ಕಾರಣವಾದ ವಸ್ತು ಡಿಎನ್‌ಎಯೇ ಎಂದು ತೋರಿಸಿದರು.

ಈ ಜೀವಿಯಲ್ಲಿ ಕಾಮ್‌ಸಿ ಜೀನಿನಿಂದ ಉಂಟಾಗುವ, 17 ಅಮೈನೋ ಆಮ್ಲಗಳ ಸಂಕೇತ ಪೆಪ್ಟೈಡ್ ಕೋಶದ ಹೊರಗೆ ಸಾಕಷ್ಟು ಸೇರಿದಾಗ, ಕಾಮ್‌ಡಿ ಎಂಬ ಗ್ರಾಹಕ ಪ್ರೋಟೀನು ಅದನ್ನು ಗುರುತಿಸಿ ಕಾಮ್‌ಇ ಪ್ರೋಟೀನಿಗೆ ಫಾಸ್ಫೇಟನ್ನು ವರ್ಗಾಯಿಸುತ್ತದೆ. ಅದರ ಪರಿಣಾಮವಾಗಿ ಉತ್ಪತ್ತಿಯಾಗುವ ಕಾಮ್‌ಎಕ್ಸ್ ಎಂಬ ಸಿಗ್ಮಾ ಅಂಶವು ಡಿಎನ್‌ಎ ಸ್ವೀಕಾರಕ್ಕೆ ಬೇಕಾದ ಜೀನುಗಳನ್ನು ಚಾಲನೆಗೊಳಿಸುತ್ತದೆ. ಹೊರಗಿನ ಡಿಎನ್‌ಎಯ ಜೋಡಿ ಎಳೆಗಳಲ್ಲಿ ಒಂದು ಮಾತ್ರ ಕೋಶದೊಳಕ್ಕೆ ಪ್ರವೇಶಿಸಿ, ರೆಕ್‌ಎ ಪ್ರೋಟೀನಿನ ನೆರವಿನಿಂದ ವರ್ಣತಂತುವಿನ ಸದೃಶ ಭಾಗದಲ್ಲಿ ಬೆಸೆದುಕೊಳ್ಳುತ್ತದೆ. ಪ್ರತಿಜೈವಿಕಗಳಿಗೆ ನಿರೋಧಕತೆ ಹರಡುವ ಮಾರ್ಗಗಳಲ್ಲಿ ಇದೂ ಒಂದು.